ಆಪ್ಷನಲ್ ಇಂಗ್ಲಿಷ್ ಬೇಕೇ ಬೇಕಾ? ಇಂಗ್ಲಿಷ್ ಟೀಚರ್ ಆಗಬೇಕೆನ್ನುವವರ ಪ್ರಶ್ನೆಗಳು

ಪ್ರಶ್ನೆ (ಬಿಎ ಮೊದಲ ಸೆಮಿಸ್ಟರ್, ಹಾವೇರಿ ಜಿಲ್ಲೆ):
ಮೇಡಂ, ನಮಸ್ಕಾರ ರೀ. ಪಿಯುಸಿ ತನಕ ಕನ್ನಡ ಮೀಡಿಯಂನಾಗ ಓದೀನಿ. ಹೈಸ್ಕೂಲಿನಾಗ ಇಂಗ್ಲಿಷ್ ಟೀಚರ್ ಆಗಬೇಕಂತ ಆಸೆ ಐತಿ. ಕಾಲೇಜಿನಾಗ ಎಚ್‌ಇಪಿ ತಗೊಂಡೀನಿ, ಅಂದ್ರ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಇಂಗ್ಲಿಷ್ ಭಾಷಾ ಪೇಪರ್ ಹೆಂಗೂ ಐತಲ್ಲ, ಅದು ಸಾಕೇನು? ಕನ್ನಡ ಮೀಡಿಯಂನವರು ಇಂಗ್ಲಿಷ್ ಕಲಸಾಕ ಹೋದ್ರ ಹುಡುಗರು ನಗತಾರ ಅಂತ ಮನ್ಯಾಗ ಅಂತಾರ. ಖರೇನ?

ಉತ್ತರ (ಹೈಸ್ಕೂಲ್ ಇಂಗ್ಲಿಷ್ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ):
ತಂಗಿ, ಮೊದಲು ಅವಸರದ್ದು ಹೇಳಿಬಿಡ್ತೀನಿ. ಸಾಲದು. ಎಲ್ಲರೂ ಓದುವ ಇಂಗ್ಲಿಷ್ ಭಾಷಾ ಪತ್ರಿಕೆ ಬೇರೆ, ಇತಿಹಾಸ, ಅರ್ಥಶಾಸ್ತ್ರದ ಹಾಗೆ ಆರಿಸಿಕೊಂಡು ಓದುವ ಆಪ್ಷನಲ್ ಇಂಗ್ಲಿಷ್ ಬೇರೆ. ಸರ್ಕಾರಿ ಹೈಸ್ಕೂಲಿನ ಇಂಗ್ಲಿಷ್ ಹುದ್ದೆಗೆ, ಆರರಿಂದ ಎಂಟನೇ ತರಗತಿಯ ಇಂಗ್ಲಿಷ್ ಹುದ್ದೆಗೆ ಅರ್ಜಿ ಹಾಕುವಾಗ ಪದವಿಯಲ್ಲಿ ಐಚ್ಛಿಕ ವಿಷಯವಾಗಿ ಇಂಗ್ಲಿಷ್ ಓದಿದ್ದೀರಾ ಅಂತ ನೋಡ್ತಾರೆ. ಭಾಷಾ ಪತ್ರಿಕೆಯಲ್ಲಿ ನೂರಕ್ಕೆ ತೊಂಬತ್ತು ಬಂದಿದ್ದರೂ ಅದು ಲೆಕ್ಕಕ್ಕೆ ಬರೋದಿಲ್ಲ. ಬಿ.ಎಡ್.ನಲ್ಲಿ ಇಂಗ್ಲಿಷ್ ಮೆಥಡ್, ಅಂದರೆ ಇಂಗ್ಲಿಷ್ ಕಲಿಸುವ ವಿಧಾನದ ವಿಷಯ, ಸಿಗೋದಕ್ಕೂ ಐಚ್ಛಿಕ ಇಂಗ್ಲಿಷೇ ಆಧಾರ. ಇದು ಗೊತ್ತಿಲ್ಲದೆ ಪದವಿ, ಬಿ.ಎಡ್. ಎರಡೂ ಮುಗಿಸಿ, ಅರ್ಜಿ ತುಂಬುವ ದಿನ ಕಣ್ಣೀರು ಹಾಕಿದವರನ್ನು ನಾನು ಕಂಡಿದ್ದೀನಿ. ನೀನಿನ್ನೂ ಮೊದಲ ಸೆಮಿಸ್ಟರ್. ನಾಳೆ ಬೆಳಿಗ್ಗೆಯೇ ಕಾಲೇಜಿನ ಆಫೀಸಿಗೆ ಹೋಗು, ಕಾಂಬಿನೇಷನ್ ಬದಲಿಸೋಕೆ ಇನ್ನೂ ಅವಕಾಶ ಇದೆಯಾ ಕೇಳು. ನಿಮ್ಮ ಕಾಲೇಜಿನಲ್ಲಿ ಆಪ್ಷನಲ್ ಇಂಗ್ಲಿಷ್ ಇಲ್ಲದಿದ್ದರೆ ಅದು ಇರುವ ಹತ್ತಿರದ ಕಾಲೇಜು ಯಾವುದು ಅಂತ ನಿಮ್ಮ ಇಂಗ್ಲಿಷ್ ಮೇಷ್ಟ್ರನ್ನೇ ಕೇಳು, ಅವರಿಗೆ ಗೊತ್ತಿರುತ್ತೆ.

ಇನ್ನು ನಗುವ ವಿಚಾರ. ಕೊನಗವಳ್ಳಿಯ ಲಂಕೇಶ್, ಮೊಗೇರಿಯ ಗೋಪಾಲಕೃಷ್ಣ ಅಡಿಗರು, ತೀರ್ಥಹಳ್ಳಿ ಕಡೆಯ ಅನಂತಮೂರ್ತಿ, ಈ ಮೂವರೂ ಹಳ್ಳಿಯಿಂದ ಬಂದವರು, ಮೂವರೂ ಹೊಟ್ಟೆಪಾಡಿಗೆ ಕಲಿಸಿದ್ದು ಇಂಗ್ಲಿಷನ್ನೇ. ಅವರಿಗಿಂತ ಮುಂಚೆ ಬಿ.ಎಂ.ಶ್ರೀ.ಯವರೂ ಇಂಗ್ಲಿಷ್ ಪ್ರಾಧ್ಯಾಪಕರೇ. ಕನ್ನಡ ಚೆನ್ನಾಗಿ ಬಲ್ಲವರಿಗೆ ಇಂಗ್ಲಿಷ್ ಕಲಿಸೋದರಲ್ಲಿ ಒಂದು ಹೆಚ್ಚಿನ ಬಲ ಇರುತ್ತೆ ಅಂತ ನಾನು ಗಟ್ಟಿಯಾಗಿ ನಂಬಿದ್ದೀನಿ.

ಯಾಕೆ ಅಂತ ಹೇಳ್ತೀನಿ. ನಮ್ಮ ಮಕ್ಕಳು "ಐ ಹ್ಯಾವ್ ಕಮ್ ಯೆಸ್ಟರ್‌ಡೇ" ಅಂತ ಬರೀತಾರೆ. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕೋದು ಸುಲಭ. ಆದರೆ "ನಿನ್ನೆನೇ ಬಂದಿದ್ದೀನಿ" ಅನ್ನೋದು ಕನ್ನಡದಲ್ಲಿ ಸರಿ, ಮಗು ಅದನ್ನೇ ಇಂಗ್ಲಿಷಿಗೆ ತಂದಿದೆ, ಅಲ್ಲಿ ನಿನ್ನೆ ಅಂದಕೂಡಲೇ "ಐ ಕೇಮ್" ಆಗಬೇಕು ಅಂತ ಬಿಡಿಸಿ ಹೇಳೋದು ಎರಡೂ ಭಾಷೆ ಗೊತ್ತಿದ್ದವರಿಗೆ ಮಾತ್ರ ಸಾಧ್ಯ. "ನನಗೆ ಜ್ವರ ಬಂದಿದೆ" ಅನ್ನುವಾಗ ನಾವು "ನನಗೆ" ಅಂತ ಶುರು ಮಾಡ್ತೀವಿ, ಅವರು "ಐ" ಅಂತ ಶುರು ಮಾಡ್ತಾರೆ. ವೆಸ್ಟ್ ಅಂದರೆ ಪಶ್ಚಿಮ, ಇನ್ನೊಂದು ವೆಸ್ಟ್ ಅಂದರೆ ಒಳ ಅಂಗಿ. ನಮಗಿರೋದು ಒಂದೇ "ವ", ಆದ್ದರಿಂದ ಎರಡೂ ಒಂದೇ ಥರ ಕೇಳುತ್ತೆ. ಒಂದಕ್ಕೆ ತುಟಿ ಗುಂಡಗೆ ಮಾಡಬೇಕು, ಇನ್ನೊಂದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಇದನ್ನು ಹುಡುಗರಿಗೆ ಮಾಡಿ ತೋರಿಸು, ನಗ್ತಾರೆ ನಿಜ, ಜೊತೆಗೆ ಕಲೀತಾರೆ.

ನನ್ನದೇ ಒಂದು ಪೆಟ್ಟು ಹೇಳ್ತೀನಿ. ನಾನು ಪದವಿಯನ್ನು ಗೈಡ್ ನಂಬಿಕೊಂಡು ಮುಗಿಸಿದವಳು. ಶೇಕ್ಸ್‌ಪಿಯರ್‌ನ ನಾಟಕ ಕಣ್ಣಿಂದ ನೋಡದೆಯೇ ಅದರ ಮೇಲೆ ಆರು ಪುಟ ಬರೆದಿದ್ದೆ, ಫಸ್ಟ್ ಕ್ಲಾಸೂ ಬಂತು. ಕೆಲಸಕ್ಕೆ ಸೇರಿದ ಮೊದಲ ವಾರ ಎಂಟನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು, "ಟೀಚರ್, ನೀವು ಒಂದ್ಸಲ 'ದ ಬುಕ್' ಅಂತೀರಿ, ಇನ್ನೊಂದ್ಸಲ 'ದಿ ಆ್ಯಪಲ್' ಅಂತೀರಿ, ಯಾಕೆ?" ಅಂದ. ಮುಂದೆ ಸ್ವರದ ಧ್ವನಿ ಬಂದರೆ "ದಿ", ಅಷ್ಟೇ ಉತ್ತರ. ನನಗೆ ಗೊತ್ತಿರಲಿಲ್ಲ. "ಆ್ಯನ್ ಅವರ್", ಆದರೆ "ಎ ಯೂನಿವರ್ಸಿಟಿ" ಅನ್ನೋದೂ ಇದೇ ನಿಯಮ, ಅಕ್ಷರ ನೋಡಬಾರದು, ಕಿವಿಗೆ ಕೇಳೋದನ್ನು ನೋಡಬೇಕು. ಮೂರು ವರ್ಷದ ಪದವಿಯಲ್ಲಿ ಇದು ಇರಲೇ ಇಲ್ಲ ಅಂತಲ್ಲ, ಧ್ವನಿಶಾಸ್ತ್ರದ ಘಟಕವನ್ನು ಚಾಯ್ಸ್‌ನಲ್ಲಿ ಬಿಟ್ಟಿದ್ದೆ. ನೀನು ಬಿಡಬೇಡ. ಪಠ್ಯದ ಕವಿತೆ, ಕತೆ ಮೂಲದಲ್ಲೇ ಓದು, ದಿನಕ್ಕೆ ಅರ್ಧ ಪುಟ ಆದರೂ ಸರಿ, ಗಟ್ಟಿಯಾಗಿ ಓದು.

ಪ್ರಶ್ನೆ (ಪೋಷಕರು, ಚಿಕ್ಕಮಗಳೂರು):
ಮೇಡಂ, ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಮೂರು ವರ್ಷ ಬಿಎ, ಎರಡು ವರ್ಷ ಬಿ.ಎಡ್., ಒಟ್ಟು ಐದು ವರ್ಷ. ಕಡಿಮೆ ಅವಧಿಯ ದಾರಿ ಇದೆಯೇ?

ಉತ್ತರ:
ಇದೆ ಸರ್. ಪದವಿ, ಬಿ.ಎಡ್. ಎರಡನ್ನೂ ಸೇರಿಸಿದ ನಾಲ್ಕು ವರ್ಷದ ಸಂಯೋಜಿತ ಕೋರ್ಸ್. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ನಾವೆಲ್ಲ ಆರ್‌ಐಇ ಅಂತೀವಲ್ಲ, ಅದು ಇದಕ್ಕೆ ಹೆಸರಾದ ಜಾಗ. ಎನ್‌ಸಿಇಆರ್‌ಟಿಗೆ ಸೇರಿದ್ದು, ಆವರಣದಲ್ಲೇ ಪಾಠ ಮಾಡಿ ಕಲಿಯೋಕೆ ಒಂದು ಡೆಮಾನ್‌ಸ್ಟ್ರೇಷನ್ ಶಾಲೆ ಇದೆ. ಪ್ರವೇಶ ಪರೀಕ್ಷೆ ಬರೀಬೇಕು, ದಕ್ಷಿಣದ ಎಲ್ಲ ರಾಜ್ಯಗಳ ಮಕ್ಕಳೂ ಬರ್ತಾರೆ, ಸೀಟು ಕಡಿಮೆ. ಪಿಯುಸಿ ಪರೀಕ್ಷೆಯ ಗಡಿಬಿಡಿಯಲ್ಲಿ ಅರ್ಜಿಯ ದಿನಾಂಕ ತಪ್ಪಿಸಿಕೊಳ್ಳುವವರೇ ಜಾಸ್ತಿ, ಅದೊಂದರ ಮೇಲೆ ಕಣ್ಣಿಡಿ. ಸೀಟು ಸಿಗದಿದ್ದರೆ ಐದು ವರ್ಷದ ದಾರಿಯೇನೂ ಕೆಟ್ಟದ್ದಲ್ಲ.

ಪ್ರಶ್ನೆ (ಬಿಕಾಂ ಪದವೀಧರ, ಬೆಂಗಳೂರಿನ ಖಾಸಗಿ ಕಂಪನಿ):
ಮೇಡಂ, ನನಗೆ 27. ಕೆಲಸ ಮಾಡ್ತಾ ದೂರಶಿಕ್ಷಣದಲ್ಲಿ ಎಂಎ ಇಂಗ್ಲಿಷ್ ಮಾಡಿದರೆ ಟೀಚರ್ ಆಗಬಹುದಾ? ಟಿಇಟಿ ಬರೀಬೇಕಾ?

ಉತ್ತರ:
ಬಿಕಾಂ ಆದ್ದರಿಂದ ಸರ್ಕಾರಿ ಹೈಸ್ಕೂಲಿನ ಇಂಗ್ಲಿಷ್ ಹುದ್ದೆಯ ಆಸೆ ಇಟ್ಟುಕೊಳ್ಳಬೇಡಿ. ನಿಮ್ಮ ದಾರಿ ಕಾಲೇಜಿನ ಕಡೆ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಎಂಎ ಇಂಗ್ಲಿಷ್ ಇದೆ, ಸೇರುವ ಮುಂಚೆ ಬಿಕಾಂನವರಿಗಿರುವ ಅರ್ಹತೆ ಪ್ರಾಸ್ಪೆಕ್ಟಸ್‌ನಲ್ಲಿ ನೋಡಿಕೊಳ್ಳಿ. ಎಂಎಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55 ಅಂಕ ಇದ್ದರೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಪಾಸಾಗಿ ಪದವಿ ಕಾಲೇಜಿಗೆ ಅರ್ಹರಾಗಬಹುದು. ಶೇ. 54 ಬಂದು ಕೈಚೆಲ್ಲಿ ಕೂತವರಿದ್ದಾರೆ, ಆದ್ದರಿಂದ ಮೊದಲ ಸೆಮಿಸ್ಟರಿನಿಂದಲೇ ಅಂಕದ ಮೇಲೆ ಗಮನ ಇರಲಿ. ಪಿಯು ಉಪನ್ಯಾಸಕರ ಹುದ್ದೆಗೆ ಎಂಎ ಜೊತೆ ಬಿ.ಎಡ್. ಕೂಡ ಕೇಳ್ತಾರೆ.

ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಒಂದರಿಂದ ಎಂಟನೇ ತರಗತಿಗೆ ಕಲಿಸುವವರಿಗೆ. ಇಂಗ್ಲಿಷಿನವರು ಅದರಲ್ಲಿ ಇಂಗ್ಲಿಷ್ ಒಂದೇ ಬರೆದರೆ ಆಗಲಿಲ್ಲ. ಆರರಿಂದ ಎಂಟಕ್ಕಿರುವ ಎರಡನೇ ಪತ್ರಿಕೆಯ 150 ಅಂಕದಲ್ಲಿ ಎರಡು ಭಾಷೆಗೆ 30ರಂತೆ 60, ಶಿಶು ವಿಕಾಸಕ್ಕೆ 30. ಉಳಿದ 60 ಅಂಕಕ್ಕೆ ಸಮಾಜ ವಿಜ್ಞಾನ ಅಥವಾ ಗಣಿತ-ವಿಜ್ಞಾನ. ಸಾಮಾನ್ಯ ವರ್ಗ ಪಾಸಾಗೋಕೆ 90 ಬೇಕು. ಆರನೇ ಕ್ಲಾಸಿಂದ ಸಮಾಜ ಪುಸ್ತಕ ತಿರುವಿಹಾಕದೆ ಆಗೋದಿಲ್ಲ.

ಮೊದಲ ಪ್ರಶ್ನೆ ಕೇಳಿದವರು:
ಮೇಡಂ, ಆಫೀಸಿಗೆ ಹೋಗಿದ್ದೆ ರೀ. ಶನಿವಾರದ ತನಕ ಬದಲಿ ಮಾಡಬಹುದಂತ. ಅರ್ಥಶಾಸ್ತ್ರ ಬಿಟ್ಟು ಆಪ್ಷನಲ್ ಇಂಗ್ಲಿಷ್‌ಗೆ ಅರ್ಜಿ ಕೊಟ್ಟೀನಿ. ಅಪ್ಪನ ಸಹಿ ಒಂದು ಆಗಬೇಕು.

ಉತ್ತರ:
ಅಪ್ಪಾಜಿಗೆ ಈ ಮಾತುಕತೆ ಓದಿ ಹೇಳು ತಂಗಿ. ಅವರಿಗೆ ಏನಾದರೂ ಕೇಳೋದಿದ್ದರೆ ಇಲ್ಲೇ ಬರೆಯಲಿ, ನಾನು ಸಂಜೆ ಏಳರ ಮೇಲೆ ನೋಡ್ತೀನಿ. ಸಹಿ ಆದಮೇಲೆ ರಸೀದಿ ತಪ್ಪದೆ ಇಸ್ಕೋ.