ಜೂನ್‌ಗೆ ಉಡುಪಿ ಶಾಲೆ, ಮನೆಯಲ್ಲಿ ತುಳು: ಕನ್ನಡ ಓದು ಎಲ್ಲಿಂದ ಶುರು?

ಪ್ರಶ್ನೆ, ದುಬೈಯಿಂದ: ಮಗಳು ಜೂನ್‌ನಲ್ಲಿ ಉಡುಪಿಯಲ್ಲಿ ನಾಲ್ಕನೇ ಕ್ಲಾಸಿಗೆ ಸೇರುತ್ತಾಳೆ. ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಮನೆಯಲ್ಲಿ ತುಳು ಬಿಟ್ಟು ಕನ್ನಡವನ್ನೇ ಮಾತಾಡಬೇಕಾ?

ಉತ್ತರ, ಉಡುಪಿಯ ಕನ್ನಡ ಟೀಚರ್:

ತುಳು ದಯವಿಟ್ಟು ಬಿಡಬೇಡಿ ಅಕ್ಕ. ತುಳುವಿನ ಎಷ್ಟೋ ಪದಗಳ ಮೊದಲ ‘ಪ’ ಕನ್ನಡದಲ್ಲಿ ‘ಹ’ ಆಗಿದೆ: ಪತ್ತ್–ಹತ್ತು, ಪಕ್ಕಿ–ಹಕ್ಕಿ, ಪುಳಿ–ಹುಳಿ, ಪೂ–ಹೂ. ಇಂಥ ಜೋಡಿಗಳನ್ನು ಅಜ್ಜಿಯ ಹತ್ತಿರ ಕೇಳಿ ಬರೆದು ಕಳಿಸಿ, ನಮಗೆ ಅದೇ ಮೊದಲ ಪಾಠ. ಕಾಲು ಎಡವುವ ಪದಗಳೂ ಇವೆ. ತುಳುವಿನ ‘ಇಲ್ಲ್’ ಅಂದರೆ ಮನೆ. ‘ಅಲ್ಲಿ ಯಾರೂ ಇಲ್ಲ’ ಎಂದು ಓದಿದಾಗ ಮಗುವಿಗೆ ಮನೆ ನೆನಪಾದರೆ, ತುಳು ಬಾರದ ಟೀಚರಿಗೆ ಗೊಂದಲದ ಕಾರಣ ತಿಳಿಯುವುದಿಲ್ಲ. ಅದನ್ನು ತಿಳಿಸಬಲ್ಲವರು ನೀವೇ. ಬ–ಭ, ದ–ಧ ತಪ್ಪುವುದೂ ಹಾಗೆಯೇ: ಮನೆಮಾತಿನ ತುಳುವಿನಲ್ಲಿ ಮಹಾಪ್ರಾಣದ ವ್ಯತ್ಯಾಸ ಕಿವಿಗೆ ಬೀಳುವುದೇ ಕಡಿಮೆ. ಉಕ್ತಲೇಖನದಲ್ಲಿ ಅದು ತಪ್ಪಿದರೆ ಸೋಮಾರಿತನ ಅನ್ನಬೇಡಿ.

ಇನ್ನು ದಿನದ ಕೆಲಸ. 15 ನಿಮಿಷ, ಐದು ಸಾಲು, ಗಟ್ಟಿಯಾಗಿ ಓದಲಿ. ಮಧ್ಯೆ ತಿದ್ದಬೇಡಿ, ತಿದ್ದಿದರೆ ಮಗು ಅಕ್ಷರ ಬಿಟ್ಟು ನಿಮ್ಮ ಮುಖ ನೋಡಲು ಶುರುಮಾಡುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಪುಸ್ತಕದ ಪದ, ಬಲಕ್ಕೆ ಮಗು ಓದಿದ ಹಾಗೆಯೇ ಬರೆಯಿರಿ. ‘ಸೂರ್ಯ’ಕ್ಕೆ ‘ಸೂಯ್ರ’, ‘ಕಾರ್ಯ’ಕ್ಕೆ ‘ಕಾಯ್ರ’ ಎಂದು ವಾರದಲ್ಲಿ ಎಂಟು ಸಲ ಬಂದಿದ್ದರೆ ಅದು ಎಂಟು ತಪ್ಪಲ್ಲ, ಒಂದೇ: ಅರ್ಕಾವೊತ್ತು ಬರೆಯುವಾಗ ಅಕ್ಷರದ ನಂತರ ಬರುತ್ತದೆ, ಉಚ್ಚಾರದಲ್ಲಿ ಮೊದಲು. ನೋಟ್‌ಬುಕ್ ನೋಡಿದ ಕೂಡಲೇ ಟೀಚರಿಗೆ ಮುಂದಿನ ವಾರದ ಪಾಠ ಸಿಗುತ್ತದೆ. ಬರೀ ‘ಓದುವಾಗ ತಡವರಿಸುತ್ತಾಳೆ’ ಎಂದು ಹೇಳಿದರೆ ಏನೂ ಸಿಗುವುದಿಲ್ಲ.

ಕಾಗುಣಿತ ಗಟ್ಟಿಯಾಗದೆ ಒತ್ತಕ್ಷರಕ್ಕೆ ಹೋಗಬೇಡಿ. ಕಿ–ಕೀ, ಕೆ–ಕೇ, ಕೊ–ಕೋ ನಡುವೆ ಇರುವುದು ದೀರ್ಘದ ಗುರುತೊಂದೇ. ಹೆಚ್ಚು ಮಕ್ಕಳು ಮುಗ್ಗರಿಸುವುದು ಅಲ್ಲೇ. ಒತ್ತಕ್ಷರದಲ್ಲಿ ಅಕ್ಕ, ಹಬ್ಬದಂಥವು ಮೊದಲು. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರವನ್ನು ಹೋಲುವುದಿಲ್ಲ. ಹಾಗಾಗಿ ಹತ್ತು, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ ಈ ಆರು ಪದಗಳನ್ನು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

ಮಸ್ಕತ್‌ನಿಂದ: ಇಲ್ಲಿ ರಜೆ ಶುಕ್ರ, ಶನಿ. ದುಬೈಯವರಿಗೆ ಶನಿ, ಭಾನು. ಎರಡೂ ಕಡೆಯ ಮಕ್ಕಳನ್ನು ಒಂದೇ ಆನ್‌ಲೈನ್ ಕ್ಲಾಸಿಗೆ ಸೇರಿಸಬಹುದಾ ಟೀಚರ್?

ಟೀಚರ್: ಶನಿವಾರ ಇಬ್ಬರಿಗೂ ಆಗುತ್ತದೆ, ನಮಗೂ ಅರ್ಧ ದಿನದ ಶಾಲೆ. ಊರಿನ ಸಂಜೆ 4 ಅಂದರೆ ನಿಮಗಿಬ್ಬರಿಗೂ ಮಧ್ಯಾಹ್ನ 2.30. ಒಂದು ಕ್ಲಾಸಿಗೆ ನಾಲ್ಕೇ ಮಕ್ಕಳಿರಲಿ, ಪ್ರತಿಯೊಬ್ಬರೂ ಗಟ್ಟಿಯಾಗಿ ಓದಬೇಕಲ್ಲ. ನೋಟ್‌ಬುಕ್ಕಿನ ಫೋಟೋ ಶುಕ್ರವಾರ ರಾತ್ರಿಯೊಳಗೆ ಕಳಿಸಿ.