ತುರ್ತು: ‘ಬ್ಲಡ್ ಬಯೋಮಾರ್ಕರ್’ಗೆ ಕನ್ನಡದಲ್ಲಿ ಏನನ್ನೋಣ?

ವಸುಧಾ:
ನಮಸ್ಕಾರ. ಹಂಟಿಂಗ್ಟನ್, ಎಸ್‌ಸಿಎ (ಎರಡೂ ಮಿದುಳಿನ ನರಕೋಶ ಹಾಳಾಗುವ ಆನುವಂಶಿಕ ಕಾಯಿಲೆಗಳು) ಇರುವ ಮನೆತನಗಳ ರಕ್ತ ತೆಗೆದು ಮಾಡುವ ಅಧ್ಯಯನದ ಒಪ್ಪಿಗೆ ಪತ್ರ ಅನುವಾದಿಸುತ್ತಿದ್ದೇನೆ. ನಾಳೆ ಬೆಳಗ್ಗೆ ಎಥಿಕ್ಸ್ ಕಮಿಟಿಗೆ ಹೋಗಬೇಕು. ‘ಜೈವಿಕ ಸೂಚಕ’ ಎಂದು ಹಾಕಿದ್ದೆ, ರೋಗಿಗಳಿಗೆ ತಿಳಿಯಲ್ಲ ಅಂತ ವಾಪಸ್ ಬಂತು. ಅಳೆಯುವುದು ನ್ಯೂರೋಫಿಲಮೆಂಟ್ ಲೈಟ್ ಎಂಬ ಪ್ರೋಟೀನನ್ನು. ನರಕೋಶ ಹಾಳಾದಾಗ ಅದು ರಕ್ತಕ್ಕೆ ಸೋರುತ್ತದೆ, ಮಿಲಿಲೀಟರಿಗೆ ಕೆಲವೇ ಪಿಕೊಗ್ರಾಂ. ‘ನ್ಯೂರೋಡಿಜೆನರೇಟಿವ್’ಗೂ (ನರಕೋಶಗಳು ಕ್ರಮೇಣ ನಶಿಸುವ) ಒಂದು ಪದ ಬೇಕು.

ರಾಘವೇಂದ್ರ:
ನರಕ್ಷಯ. ಚರ್ಚೆ ಏಕೆ?

ಮಾಲತಿ:
ನರರೋಗ ವಾರ್ಡಿನಲ್ಲಿ ಕೆಲಸ ಮಾಡುವವಳಾಗಿ ಹೇಳ್ತೀನಿ, ‘ಕ್ಷಯ’ ಅಂದರೆ ಜನಕ್ಕೆ ಟಿ.ಬಿ. ‘ನರದೌರ್ಬಲ್ಯ’ವಂತೂ ಬೇಡವೇ ಬೇಡ, ಗೋಡೆ ಮೇಲಿನ ಗುಪ್ತರೋಗದ ಜಾಹೀರಾತು ನೆನಪಾಗುತ್ತೆ. ಬರೀ ‘ನರ’ ಅಂದರೂ ಕಷ್ಟ. ಡ್ರಿಪ್ ಹಾಕುವಾಗ ‘ನರ ಸಿಗ್ತಿಲ್ವಾ ಸಿಸ್ಟರ್?’ ಅಂತ ಕೇಳೋದು ರಕ್ತನಾಳಕ್ಕೇ. ‘ಮಿದುಳಿನ ನರ ಸವೆಯುವ ಕಾಯಿಲೆ’ ಅಂದರೆ ಅರ್ಥವಾಗುತ್ತೆ.

ಚೆನ್ನಬಸಪ್ಪ:
‘ನೆತ್ತರ ಕುರುಹು’ ಇರುವಾಗ ಸಕ್ಕದದ (ಸಂಸ್ಕೃತದ) ‘ಸೂಚಕ’ ಏಕೆ? ಪಾಲು ಹಾಲಾದಂತೆ ಕುಱುಪು ಕುರುಹಾಯಿತು. ಗುರಿ, ಗುರುತು ಅದೇ ಬೇರಿನವು. ಶಕಟರೇಫ (ಹಳೆಯ ‘ಱ’ ಅಕ್ಷರ) ಬಿಟ್ಟ ಮೇಲೆ ಈ ನಂಟೇ ನಮಗೆ ಕಾಣದಾಯಿತು.

ರಾಘವೇಂದ್ರ:
ಕುರು ಎಲ್ಲಿ ಎದ್ದಿದೆ ಅಂತ ರೋಗಿ ಕೇಳಿದರೆ ಶಕಟರೇಫ ತೋರಿಸುತ್ತೀರಾ? ‘ರೋಗಸೂಚಕ’ ಸಾಕು.

ಮಾಲತಿ:
ಸಾಲದು, ತಪ್ಪು. ಹಂಟಿಂಗ್ಟನ್ ಬರುತ್ತದೆಯೇ ಎಂದು ಹೇಳುವುದು ಜೀನ್ ಪರೀಕ್ಷೆ: ಆ ಜೀನಿನಲ್ಲಿ ಸಿಎಜಿ ಎಂಬ ಡಿಎನ್‌ಎ ತುಣುಕಿನ ಪುನರಾವರ್ತನೆ 40 ಅಥವಾ ಹೆಚ್ಚಿದ್ದರೆ ಬರುವುದು ಬಹುತೇಕ ಖಚಿತ. ಈ ಪ್ರೋಟೀನು ಹೇಳುವುದು ನರಕ್ಕೆ ಈಗ ಎಷ್ಟು ಪೆಟ್ಟು ಬೀಳುತ್ತಿದೆ ಎಂಬುದನ್ನಷ್ಟೆ. ವಯಸ್ಸಾದರೂ ಏರುತ್ತೆ, ತಲೆಗೆ ಏಟಾದರೂ ಏರುತ್ತೆ, ಯಾವ ಕಾಯಿಲೆ ಅಂತ ಹೇಳಲ್ಲ. ಹಾಗಂತ ಕೆಲಸಕ್ಕೆ ಬಾರದ್ದಲ್ಲ: ಎಸ್‌ಒಡಿ1 ಜೀನಿನ ದೋಷದಿಂದ ಬರುವ ಎಎಲ್‌ಎಸ್‌ಗೆ (ಸ್ನಾಯು ನಡೆಸುವ ನರಕೋಶ ಹಾಳಾಗುವ ಕಾಯಿಲೆ) ಕೊಡುವ ಟೋಫರ್ಸೆನ್ ಔಷಧಿಗೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ತ್ವರಿತ ಮಂಜೂರಾತಿ ಕೊಟ್ಟಿದ್ದು ರಕ್ತದಲ್ಲಿ ಇದು ಇಳಿದದ್ದನ್ನು ನೋಡಿಯೇ. ಆದರೆ ಅಪ್ಪನಿಗೆ ಹಂಟಿಂಗ್ಟನ್ ಇದ್ದು, ತನಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದು ಗೊತ್ತಿರುವ ಹುಡುಗಿ ‘ರೋಗಸೂಚಕ ಹೆಚ್ಚಿದೆ’ ಎಂದು ಓದಿದರೆ ಏನು ತಿಳಿದುಕೊಳ್ಳಬೇಕು?

ಇಮ್ತಿಯಾಜ್:
ಬಿಪಿ, ಶುಗರ್, ಸ್ಕ್ಯಾನಿಂಗ್ ಎಲ್ಲ ನಡೆಯುತ್ತೆ. ‘ಬಯೋಮಾರ್ಕರ್’ ಅಂತಲೇ ಬಿಟ್ಟು ಒಂದು ಸಾಲು ವಿವರಣೆ ಕೊಡಿ.

ಚೆನ್ನಬಸಪ್ಪ:
ಹಾಗೆ ಬಿಟ್ಟೂ ಬಿಟ್ಟೂ ಕನ್ನಡಕ್ಕೆ ವಿಭಕ್ತಿ ಪ್ರತ್ಯಯ ಮಾತ್ರ ಉಳಿದಿದೆ.

ರಾಘವೇಂದ್ರ:
‘ವಿಭಕ್ತಿ’, ‘ಪ್ರತ್ಯಯ’ ಯಾವ ನುಡಿಯವು ಸ್ವಾಮಿ?

ವಸುಧಾ:
ಎಲ್ಲರಿಗೂ ವಂದನೆ. ಹೀಗೆ ಕಳಿಸುತ್ತಿದ್ದೇನೆ: “ಮಿದುಳಿನ ನರಕ್ಕೆ ಆಗುತ್ತಿರುವ ಹಾನಿಯ ಗುರುತನ್ನು (ಬಯೋಮಾರ್ಕರ್) ನಿಮ್ಮ ರಕ್ತದಲ್ಲಿ ಅಳೆಯುತ್ತೇವೆ. ಇದು ಜೀನ್ ಪರೀಕ್ಷೆಯಲ್ಲ. ನಿಮಗೆ ಕಾಯಿಲೆ ಬರುತ್ತದೆಯೇ ಎಂದು ಇದರಿಂದ ತಿಳಿಯುವುದಿಲ್ಲ.”

ಚೆನ್ನಬಸಪ್ಪ:
‘ಹಾನಿ’ಯೂ ಸಕ್ಕದ. ‘ಕೇಡು’ ಎನ್ನಿ.