ಅಡಿಕೆ ದರದ ಕಡತದಲ್ಲಿ ಸಾಲುಗಳು ಬಿಟ್ಟುಹೋಗುತ್ತಿವೆ: ಮೂಲ ದತ್ತಾಂಶಕ್ಕೆ ಷರತ್ತು ಹೇಗೆ ಬರೆಯಬೇಕು?

ಶಿರಸಿ_ತೋಟ:
ಶಿರಸಿ, ಸಿದ್ದಾಪುರ, ಯಲ್ಲಾಪುರ ಮಾರುಕಟ್ಟೆಗಳ ಅಡಿಕೆ ದರವನ್ನು ಬೆಳೆಗಾರರ ಮೊಬೈಲಿಗೆ ತಲುಪಿಸುವ ಆ್ಯಪ್ ಸಿದ್ಧಪಡಿಸುತ್ತಿದ್ದೇನೆ. ಮಾರುಕಟ್ಟೆಯ ಕಚೇರಿಯವರು ಕಳುಹಿಸುವ ಎಕ್ಸೆಲ್ ಕಡತವನ್ನು ಡೇಟಾಬೇಸಿಗೆ ಸೇರಿಸುವಾಗ ಕೆಲವು ಸಾಲುಗಳು ಯಾವ ಎರರ್ ಸಂದೇಶವೂ ಇಲ್ಲದೆ ಬಿಟ್ಟುಹೋಗುತ್ತಿವೆ. ‘ದತ್ತಾಂಶ ಸರಿಯಾಗಿರಬೇಕು’ ಎಂದು ಒಪ್ಪಂದದಲ್ಲಿ ಬರೆದಿದ್ದರೂ, ಕಳುಹಿಸುವವರು ತಮ್ಮದು ಸರಿಯಾಗಿಯೇ ಇದೆ ಎಂದು ಸಾಧಿಸುತ್ತಾರೆ. ಬೇಸತ್ತು ಹೋಗಿದ್ದೇನೆ, ದಯವಿಟ್ಟು ದಾರಿ ತೋರಿಸಿ.

ಕುಮಟಾ_ಕೋಡ್:
ಇದು ದಿನಾಂಕದ ದೋಷವೇ. 05/08 ಎಂಬುದನ್ನು ಅಮೆರಿಕದ ಸೆಟ್ಟಿಂಗ್ ಇರುವ ಎಕ್ಸೆಲ್ ಮೇ 8 ಎಂದು ಓದುತ್ತದೆ. 2024-08-05 ಎಂಬ ಕ್ರಮವನ್ನು ಕಡ್ಡಾಯ ಮಾಡಿ.

ಶಿರಸಿ_ತೋಟ:
ದಿನಾಂಕಗಳನ್ನು ನೋಡಿದೆ. ಒಂದೇ ದಿನದ ಕೆಲವು ಸಾಲುಗಳು ಸೇರುತ್ತವೆ, ಕೆಲವು ಸೇರುವುದಿಲ್ಲ.

ಕುಮಟಾ_ಕೋಡ್:
ಹಾಗಿದ್ದರೂ ಕೆಲವು ಕೋಶಗಳಲ್ಲಿ ದಿನಾಂಕವು ಪಠ್ಯವಾಗಿ ಕುಳಿತಿರಬಹುದು. ಮೊದಲು ಅದನ್ನೇ ಪರೀಕ್ಷಿಸಿ.

ಕಾರವಾರ_ಡೇಟಾ:
ದಿನಾಂಕವನ್ನು ಸದ್ಯ ಬದಿಗಿಡೋಣ. ಬಿಟ್ಟುಹೋಗುವ ಸಾಲುಗಳು ಯಾವ ಬಗೆಯ ಅಡಿಕೆಯವು? ಕಡತವನ್ನು ಯಾವುದರಲ್ಲಿ ಟೈಪ್ ಮಾಡುತ್ತಾರೆ?

ಶಿರಸಿ_ತೋಟ:
ರಾಶಿ, ಚಾಲಿ, ಬೆಟ್ಟೆ ಸೇರುತ್ತವೆ. ಕೆಂಪುಗೋಟು, ಬಿಳೆಗೋಟು, ಕೋಕಾ ಸೇರುವುದಿಲ್ಲ. ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ, ಅಕ್ಷರಗಳ ಜಾಗತಿಕ ಸಂಕೇತ ಪದ್ಧತಿಯಾದ ಯೂನಿಕೋಡ್‌ಗೆ ಪರಿವರ್ತಿಸುತ್ತಾರೆ. ಎಲ್ಲ ಕಡೆಯೂ ಹೀಗೆಯೇ ನಡೆಯುವುದರಿಂದ ಮೊದಲೇ ಬರೆದಿರಲಿಲ್ಲ.

ಕಾರವಾರ_ಡೇಟಾ:
ಸೇರದ ಮೂರರಲ್ಲಿಯೂ ಓಕಾರದ ಚಿಹ್ನೆ ಇದೆ. ಯೂನಿಕೋಡ್‌ನಲ್ಲಿ ‘ಗೋ’ ಎಂಬುದನ್ನು ವ್ಯಂಜನ ಮತ್ತು ಒಂದೇ ಸ್ವರಚಿಹ್ನೆಯಾಗಿ ಎರಡು ಸಂಕೇತಗಳಲ್ಲಿ ಬರೆಯಬಹುದು. ಸ್ವರಚಿಹ್ನೆಯನ್ನು ಮೂರು ತುಂಡುಗಳಾಗಿ ಒಡೆದು ನಾಲ್ಕು ಸಂಕೇತಗಳಲ್ಲಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಂಡರೂ, ನಿಮ್ಮ ಬಗೆಗಳ ಪಟ್ಟಿಯೊಂದಿಗೆ ಪ್ರೋಗ್ರಾಂ ತಾಳೆ ನೋಡುವಾಗ ಅವು ಬೇರೆ ಬೇರೆ ಪದಗಳಾಗುತ್ತವೆ. ಸೇರಿಸುವ ಮೊದಲು ಪಠ್ಯವನ್ನು, ಒಡೆದ ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ.

ಅಂಕೋಲಾ_01:
ಕನ್ನಡ ಹೆಸರನ್ನು ಬಗೆಯನ್ನು ಗುರುತಿಸುವ ಕೀಲಿಯಾಗಿ ಬಳಸುವುದೇ ಸರಿಯಲ್ಲ. ಪ್ರತಿಯೊಂದು ಬಗೆಗೂ ಸಂಖ್ಯೆ ಕೊಡಿ.

ಕಾರವಾರ_ಡೇಟಾ:
ಇದನ್ನು ನಾನು ಒಪ್ಪುವುದಿಲ್ಲ. ಗುಮಾಸ್ತರು 3ರ ಬದಲು 4 ಎಂದು ಟೈಪ್ ಮಾಡಿದರೆ ಅದೂ ಮಾನ್ಯ ಸಂಖ್ಯೆಯಾಗಿ ಒಳಗೆ ಬರುತ್ತದೆ ಮತ್ತು ಚಾಲಿಯ ದರ ರಾಶಿಯ ಹೆಸರಿನಲ್ಲಿ ಬೆಳೆಗಾರನಿಗೆ ಹೋಗುತ್ತದೆ. ಹೆಸರು ತಪ್ಪಿದರೆ ಕನಿಷ್ಠ ಸಿಕ್ಕಿಬೀಳುತ್ತದೆ.

ಅಂಕೋಲಾ_01:
ಪಟ್ಟಿಯಿಂದ ಆರಿಸುವ ವ್ಯವಸ್ಥೆ ಇದ್ದರೆ ಆ ಭಯವಿಲ್ಲ. ಐಎಸ್‌ಒ/ಐಇಸಿ 25012 ಎಂಬ ಅಂತರರಾಷ್ಟ್ರೀಯ ಮಾನದಂಡವು 2008ರಲ್ಲಿಯೇ ದತ್ತಾಂಶ ಗುಣಮಟ್ಟದ 15 ಲಕ್ಷಣಗಳನ್ನು ಗುರುತಿಸಿದೆ. ಅವುಗಳಲ್ಲಿ ನಿಖರತೆ, ಪೂರ್ಣತೆ, ಸುಸಂಗತತೆ ಎಂಬ ಮೂರನ್ನಾದರೂ ಒಪ್ಪಂದದಲ್ಲಿ ಬಿಡಿಸಿ ಬರೆಯಿರಿ.

ಕಾರವಾರ_ಡೇಟಾ:
ಬಿಡಿಸಿ ಬರೆಯಬೇಕೆಂಬುದು ನಿಜ. ‘ಸರಿಯಾಗಿರಬೇಕು’ ಎಂಬುದನ್ನು ಯಾವ ಪ್ರೋಗ್ರಾಮೂ ಪರೀಕ್ಷಿಸಲಾರದು. ಕನಿಷ್ಠ ದರವು ಗರಿಷ್ಠ ದರಕ್ಕಿಂತ ಹೆಚ್ಚಿರಬಾರದು, ದರವು ಕ್ವಿಂಟಲಿಗೆ ರೂಪಾಯಿಯಲ್ಲಿರಬೇಕು, ವಹಿವಾಟು ನಡೆಯದ ಬಗೆಯ ಮುಂದೆ ಸೊನ್ನೆ ಹಾಕದೆ ಖಾಲಿ ಬಿಡಬೇಕು ಎಂಬಂಥ ಷರತ್ತುಗಳನ್ನು ಪರೀಕ್ಷಿಸಬಹುದು. ಇವುಗಳಲ್ಲಿ ಸೊನ್ನೆಯ ವಿಷಯವನ್ನು ಹಗುರವಾಗಿ ಎಣಿಸಬೇಡಿ, ಅದು ವಾರದ ಸರಾಸರಿಯನ್ನೇ ಕೆಡಿಸುತ್ತದೆ. ತಾಳೆಯಾಗದ ಸಾಲನ್ನು ಬಿಟ್ಟುಬಿಡದೆ, ಕಾರಣಸಹಿತ ಪ್ರತ್ಯೇಕ ಕೋಷ್ಟಕದಲ್ಲಿ ಇಡಿ.

ಶಿರಸಿ_ತೋಟ:
ಎನ್‌ಎಫ್‌ಸಿ ಮಾಡಿದ ಮೇಲೆ ಮೂರೂ ಬಗೆಗಳು ಸೇರಿದವು, ತುಂಬಾ ಉಪಕಾರವಾಯಿತು. ಒಂದು ಪ್ರಶ್ನೆ ಉಳಿದಿದೆ: ಪ್ರತ್ಯೇಕ ಇಟ್ಟ ಸಾಲನ್ನು ತಿದ್ದುವ ಹೊಣೆ ಕಳುಹಿಸುವವರದೋ, ನಮ್ಮದೋ? ಮಾರುಕಟ್ಟೆಯ ಕಚೇರಿ ಸಂಜೆ ಮುಚ್ಚಿರುತ್ತದೆ, ಬೆಳೆಗಾರರಿಗೆ ದರ ಬೇಕಾಗುವುದೂ ಅದೇ ಹೊತ್ತಿಗೆ.

ಕುಮಟಾ_ಕೋಡ್:
ದಿನಾಂಕದ ಷರತ್ತನ್ನೂ ಸೇರಿಸಿದ್ದೀರಾ?